ಕಡಲಾಚೆಯ ಓದು ಮತ್ತು ಮನೆಯ ಲೆಕ್ಕ



ಗೃಹಸ್ಥ ಜೀವನದ ತೊಡಕುಗಳನ್ನು ಕುರಿತು ಈ ಅಂಕಣದಲ್ಲಿ ತಿಂಗಳು ತಿಂಗಳೂ ನಿಮ್ಮೊಡನೆ ಮಾತನಾಡುತ್ತ ಬಂದಿದ್ದೇವೆ. ಈ ಬಾರಿ ನಾವು ಎತ್ತಿಕೊಂಡಿರುವ ವಿಷಯ ಮಕ್ಕಳ ವಿದೇಶ ವ್ಯಾಸಂಗಕ್ಕೆ ಸಂಬಂಧಿಸಿದ್ದು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಯಾವ ಬೀದಿಯಲ್ಲಿ ನಡೆದರೂ ಮಗನೋ ಮಗಳೋ ಹೊರದೇಶದಲ್ಲಿ ಓದುತ್ತಿರುವ ಒಂದು ಮನೆಯಾದರೂ ಸಿಕ್ಕೇ ಸಿಗುತ್ತದೆ. ಅಂತಹ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು, ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ಇಲ್ಲಿ ನಿವೇದಿಸುತ್ತಿದ್ದೇವೆ.

2024ರ ದೀಪಾವಳಿ ಕಳೆದು ಒಂದು ವಾರವಾಗಿತ್ತು. ಬನಶಂಕರಿ ಎರಡನೆಯ ಹಂತದಲ್ಲಿ ನೆಲೆಸಿರುವ ನಮ್ಮ ಹಳೆಯ ಪರಿಚಯದ ದಂಪತಿಗಳು ಹೇಳಿಕಳುಹಿಸಿದರು. ಯಜಮಾನರು ಹಾವೇರಿ ಕಡೆಯವರು, ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ಒಬ್ಬನೇ ಮಗ. ಇಲ್ಲಿ ಎಂಜಿನಿಯರಿಂಗ್ ಮುಗಿಸಿ 2023ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕೆಮ್ನಿಟ್ಸ್ ಎಂಬ ನಗರಕ್ಕೆ ಉನ್ನತ ವ್ಯಾಸಂಗಕ್ಕಾಗಿ ಹೋಗಿದ್ದನು. ನಾವು ಹೋದಾಗ ತಾಯಿಯ ಕಣ್ಣು ಕೆಂಪಾಗಿತ್ತು. ತಂದೆ ಮಗನೊಡನೆ ಮಾತು ಬಿಟ್ಟು ಎಂಟು ದಿನವಾಗಿತ್ತು.

"ನೋಡ್ರಿ, ಮನಿ ಒತ್ತಿ ಇಟ್ಟು ಓದಾಕ ಕಳಿಸೀವಿ. ಇವ ಅಲ್ಲಿ ದೇಶ ಸುತ್ತಾಕ ಹತ್ಯಾನ" ಎಂದು ಅವರು ಕೈಯಲ್ಲಿದ್ದ ಫೋನನ್ನು ನಮ್ಮ ಮುಂದೆ ಹಿಡಿದರು. ಅದರಲ್ಲಿ ಮಗ ಪ್ರಾಗ್ ನಗರದ ಸೇತುವೆಯ ಮೇಲೆ ನಗುತ್ತ ನಿಂತಿದ್ದ ಚಿತ್ರವಿತ್ತು. ಮತ್ತೊಂದರಲ್ಲಿ ಬಂಡೆಗಳ ನಡುವೆ, ಇನ್ನೊಂದರಲ್ಲಿ ನದಿಯ ದಂಡೆಯಲ್ಲಿ. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ನೋಡಿ ಮೆಚ್ಚಿದ್ದ ಚಿತ್ರಗಳೇ ಅವು.

ಕೋಪಕ್ಕೆ ಚಿತ್ರಗಳಷ್ಟೇ ಕಾರಣವಾಗಿರಲಿಲ್ಲ. ಮೊದಲ ಅವಧಿಯ ಪರೀಕ್ಷೆಯಲ್ಲಿ ಮುಖ್ಯ ವಿಷಯವೊಂದರಲ್ಲಿ "ಎರಡು ಬಂದಿದೆ" ಎಂದು ಮಗ ತಿಳಿಸಿದಾಗ ತಂದೆ ಬೇಸರಪಟ್ಟುಕೊಂಡಿದ್ದರು. ಎರಡನೆಯ ಅವಧಿಯಲ್ಲಿ "ಐದು ಬಂದಿದೆ" ಎಂದಾಗ ಹಿಗ್ಗಿ, ನೆರೆಹೊರೆಗೆ ಪೇಢೆ ಹಂಚಿದ್ದರು. ದೀಪಾವಳಿಯ ದಿನ ಮನೆಗೆ ಬಂದ ಪರಿಚಿತ ಯುವಕನೊಬ್ಬನು ಮಾತಿನ ನಡುವೆ ನಿಜವನ್ನು ತಿಳಿಸಿದನು. ಜರ್ಮನಿಯಲ್ಲಿ ಅಂಕಗಳ ಕ್ರಮ ನಮ್ಮದಕ್ಕೆ ತಿರುವುಮುರುವು. ಅಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ತೇರ್ಗಡೆಯ ಕೊನೆಯ ಮೆಟ್ಟಿಲು, 5.0 ಎಂದರೆ ಅನುತ್ತೀರ್ಣ. ತಂದೆ ಬೇಸರಪಟ್ಟ ಎರಡು ಒಳ್ಳೆಯ ಅಂಕವಾಗಿತ್ತು. ಪೇಢೆ ಹಂಚಿದ ಐದು ಸೋಲಾಗಿತ್ತು. ಮಗ ಸುಳ್ಳು ಹೇಳಿರಲಿಲ್ಲ; ಆದರೆ ತಂದೆಯ ತಪ್ಪು ತಿಳಿವಳಿಕೆಯನ್ನು ತಿದ್ದಲೂ ಇಲ್ಲ. "ಊರ ಮುಂದ ನಮ್ಮನ್ನ ಮಂಗ್ಯಾ ಮಾಡಿದ" ಎಂದು ಹೇಳುವಾಗ ಆ ಹಿರಿಯರ ಧ್ವನಿ ನಡುಗುತ್ತಿತ್ತು.

ಅವರ ಸಂಕಟವನ್ನು ಅರಿಯಬೇಕಾದರೆ ಈ ವ್ಯಾಸಂಗದ ಖರ್ಚಿನ ಸ್ವರೂಪವನ್ನು ಓದುಗರು ತಿಳಿಯಬೇಕು. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲವೆಂಬ ಮಾತು ನಿಜ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ಮಾತ್ರ ಐರೋಪ್ಯ ಒಕ್ಕೂಟದ ಹೊರಗಿನವರಿಂದ 2017ರಿಂದ ಪ್ರತಿ ಅವಧಿಗೆ 1,500 ಯೂರೋ ಪಡೆಯುತ್ತಿದೆ; ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ವಿಧಿಸಿದೆ. ಈ ಅಗ್ಗದ ಓದಿನ ಆಕರ್ಷಣೆಯಿಂದಲೇ 2023–24ರ ಚಳಿಗಾಲದ ಅವಧಿಯಲ್ಲಿ ಅಲ್ಲಿ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 49 ಸಾವಿರವಾಗಿ, ವಿದೇಶೀ ವಿದ್ಯಾರ್ಥಿಗಳಲ್ಲೇ ಅತಿ ದೊಡ್ಡ ಗುಂಪಾಯಿತು. ಆದರೆ ಶುಲ್ಕವಿಲ್ಲವೆಂದರೆ ಖರ್ಚಿಲ್ಲವೆಂದಲ್ಲ. ವೀಸಾ ಪಡೆಯುವ ಮೊದಲೇ ಒಂದು ವರ್ಷದ ಜೀವನ ವೆಚ್ಚವನ್ನು ವಿದ್ಯಾರ್ಥಿಯ ಹೆಸರಿನ ನಿರ್ಬಂಧಿತ ಖಾತೆಯಲ್ಲಿ ಇಡಬೇಕು. ಈ ಹುಡುಗ ಹೋದಾಗ ಆ ಮೊತ್ತ 11,208 ಯೂರೋ, ಎಂದರೆ ಆಗಿನ ದರದಲ್ಲಿ ಸುಮಾರು 10 ಲಕ್ಷ ರೂಪಾಯಿ ಇತ್ತು. 2024ರ ಸೆಪ್ಟೆಂಬರಿನಲ್ಲಿ ಅದು 11,904 ಯೂರೋಗೆ ಏರಿತು. ಏಳೂವರೆ ಲಕ್ಷಕ್ಕೆ ಮೇಲ್ಪಟ್ಟ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಹೀಗಾಗಿ ಮೂವತ್ತು ವರ್ಷ ದುಡಿದು ಕಟ್ಟಿದ ಮನೆಯ ಪತ್ರಗಳು ಬ್ಯಾಂಕಿನ ಕಪಾಟು ಸೇರಿದ್ದವು.

ಇನ್ನೊಂದು ಭಯವೂ ಇತ್ತು. ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯದ ಪರೀಕ್ಷೆಯನ್ನು ಎರಡು ಅಥವಾ ಮೂರು ಬಾರಿ ಮಾತ್ರ ಬರೆಯಲು ಅವಕಾಶವಿರುತ್ತದೆ. ಕೊನೆಯ ಅವಕಾಶವೂ ಕೈತಪ್ಪಿದರೆ ವಿದ್ಯಾರ್ಥಿ ಆ ವ್ಯಾಸಂಗದಿಂದಲೇ ಹೊರಬೀಳುತ್ತಾನೆ. ಓದಿಗಾಗಿ ಕೊಟ್ಟ ವಾಸದ ಪರವಾನಗಿಗೂ ಕುತ್ತು ಬರುತ್ತದೆ. ಆದ್ದರಿಂದ ತಂದೆಯ ಭಯ ನಿರಾಧಾರವಾಗಿರಲಿಲ್ಲ.

ಅಂದು ಸಂಜೆ ಆ ಮನೆಯಲ್ಲೇ ಕುಳಿತು ನಾವು ಹುಡುಗನೊಡನೆ ಮಾತನಾಡಿದೆವು. ಫೋನಿನ ಪರದೆಯಲ್ಲಿ ಕಂಡ ಮುಖ ಚಿತ್ರದಲ್ಲಿದ್ದ ಮುಖದಂತಿರಲಿಲ್ಲ, ಕೆನ್ನೆ ಇಳಿದಿತ್ತು. "ಕಾಕಾರ, ಅಪ್ಪಗ ಹೇಳಾಕ ಬಾಯಿ ಬರಲಿಲ್ರಿ" ಎಂದು ಅವನು ತಲೆ ತಗ್ಗಿಸಿದನು. ನಾವು ಬೇರೇನೂ ಕೇಳದೆ, "ಖರ್ಚಿನ ಲೆಕ್ಕ ಇಟ್ಟಿದ್ದೀಯೇನಪ್ಪ?" ಎಂದೆವು. ಇಟ್ಟಿದ್ದನು. ಸಣ್ಣದೊಂದು ನೋಟುಪುಸ್ತಕದ ಪುಟಗಳನ್ನು ಒಂದೊಂದಾಗಿ ಚಿತ್ರ ತೆಗೆದು ಕಳುಹಿಸಿದನು. ಆ ಪುಟಗಳನ್ನು ನಾವೂ ಅವರ ತಂದೆಯೂ ಕನ್ನಡಕ ಹಾಕಿಕೊಂಡು ರಾತ್ರಿ ಹತ್ತರವರೆಗೆ ಓದಿದೆವು.

ವಿದ್ಯಾರ್ಥಿ ನಿಲಯದ ಹನ್ನೆರಡು ಚದರ ಮೀಟರಿನ ಕೋಣೆಗೆ ತಿಂಗಳಿಗೆ 260 ಯೂರೋ. ಆರೋಗ್ಯ ವಿಮೆಗೆ 120ಕ್ಕೂ ಹೆಚ್ಚು. ದಿನಸಿಗೆ 140ರಿಂದ 150. ಅವ್ವ ಕಟ್ಟಿಕೊಟ್ಟ ಗುರೆಳ್ಳು ಚಟ್ನಿಪುಡಿ ಎಷ್ಟು ದಿನ ಬಂದಿತೆಂಬುದಕ್ಕೂ ಒಂದು ಗುರುತು. ಅಂಚಿನಲ್ಲಿ ಒಂದು ಟಿಪ್ಪಣಿ: ಪೂಜೆಯ ವೇಳೆ ಊದುಬತ್ತಿ ಹಚ್ಚಿದ್ದರಿಂದ ಕೋಣೆಯ ಹೊಗೆ ಎಚ್ಚರಿಕೆಯ ಗಂಟೆ ಹೊಡೆದು ನಿಲಯದವರೆಲ್ಲ ಹೊರಗೆ ಓಡಿಬಂದರು, ಅಂದಿನಿಂದ ವಿಭೂತಿ, ನೀರು, ಒಂದು ಹೂವು ಮಾತ್ರ. ಇದನ್ನು ಓದಿ ತಂದೆಯ ತುಟಿಯ ಮೇಲೆ ಮೊದಲ ಬಾರಿಗೆ ನಗೆಯ ಎಳೆ ಮೂಡಿತು.

ಮುಂದಿನ ಪುಟಗಳಲ್ಲಿ ಒಂದು ಆದಾಯದ ಕಲಮು ಕಂಡಿತು. 2024ರ ಏಪ್ರಿಲ್‌ನಿಂದ ಜುಲೈವರೆಗೆ, ವಾರಕ್ಕೆ ಎರಡು ಅಥವಾ ಮೂರು ರಾತ್ರಿ, ಪಾರ್ಸೆಲ್‌ಗಳನ್ನು ವಿಂಗಡಿಸುವ ಗೋದಾಮಿನಲ್ಲಿ ಕೂಲಿ. ಗಂಟೆಗೆ 12.41 ಯೂರೋ; ಅದು ಆ ವರ್ಷ ಅಲ್ಲಿನ ಕಾನೂನು ನಿಗದಿಪಡಿಸಿದ ಕನಿಷ್ಠ ವೇತನ. ನಾಲ್ಕು ತಿಂಗಳಲ್ಲಿ ಉಳಿಸಿದ್ದು 2,600 ಯೂರೋ. ಎದುರಿಗೆ ಬರೆದಿದ್ದ ಉದ್ದೇಶ ಒಂದೇ ಸಾಲಿನದು: ಎರಡನೆಯ ವರ್ಷಕ್ಕೆ ಅಪ್ಪ ಕಳುಹಿಸಬೇಕಾದ ಹಣದಲ್ಲಿ ಇಷ್ಟು ಕಡಿಮೆ.

ರಾತ್ರಿ ಗೋದಾಮು, ಬೆಳಗ್ಗೆ ತರಗತಿ. ಪರೀಕ್ಷೆ ಕೈಕೊಟ್ಟ ಕಾರಣ ಆ ಪುಟದಲ್ಲೇ ಇತ್ತು. ಪ್ರವಾಸಗಳೂ ಅದೇ ಪುಸ್ತಕದಲ್ಲಿದ್ದವು. ಅವು ಒಟ್ಟು ಮೂರು. ಮೂರೂ ನಡೆದದ್ದು ಪರೀಕ್ಷೆ ಮುಗಿದ ಮೇಲೆ, ಆಗಸ್ಟ್ ತಿಂಗಳಿನಲ್ಲಿ. ಮೂರರ ಒಟ್ಟು ಖರ್ಚು 199 ಯೂರೋ. ನಮ್ಮ ಹಣದಲ್ಲಿ ಸುಮಾರು 18 ಸಾವಿರ ರೂಪಾಯಿ.

ಇಷ್ಟು ಅಗ್ಗವಾಗಿ ಹೇಗೆ ಸಾಧ್ಯವೆಂದು ತಂದೆ ಕೇಳಿದರು. ಜರ್ಮನಿಯು 2023ರ ಮೇ ತಿಂಗಳಿನಲ್ಲಿ 49 ಯೂರೋಗಳ ಮಾಸಿಕ ಟಿಕೆಟ್ ಒಂದನ್ನು ಜಾರಿಗೆ ತಂದಿತು. ಅದರಲ್ಲಿ ದೇಶದಾದ್ಯಂತ ನಗರದ ಬಸ್ಸು, ಟ್ರಾಮು ಹಾಗೂ ಪ್ರಾದೇಶಿಕ ರೈಲುಗಳಲ್ಲಿ ಎಷ್ಟಾದರೂ ಪ್ರಯಾಣಿಸಬಹುದು; ವೇಗದ ರೈಲುಗಳಿಗೆ ಮಾತ್ರ ಸಲ್ಲದು. ಆ ಬೆಲೆ 2025ರಲ್ಲಿ 58ಕ್ಕೂ 2026ರ ಜನವರಿಯಲ್ಲಿ 63ಕ್ಕೂ ಏರಿತು. ಹುಡುಗ ಒಂದೇ ತಿಂಗಳ ಟಿಕೆಟ್ಟಿನಲ್ಲಿ ಎರಡು ಪ್ರವಾಸ ಮುಗಿಸಿದ್ದನು. ಪ್ರಾಗ್‌ಗೆ ಹೋಗಿಬರಲು ಬಸ್ಸಿಗೆ 38 ಯೂರೋ, ಎಂಟು ಮಂಚಗಳ ಕೋಣೆಯಲ್ಲಿ ಎರಡು ರಾತ್ರಿಗೆ 44, ಊಟಕ್ಕೆ 19. ಚಪಾತಿಯ ಬುತ್ತಿ ಕಟ್ಟಿಕೊಂಡು ಹೋಗಿದ್ದನು. ನಗುಮುಖದ ಆ ಚಿತ್ರವನ್ನು ತೆಗೆದ ದಿನ ಅವನು ಮಧ್ಯಾಹ್ನ ಉಂಡದ್ದು ಎರಡು ಬಾಳೆಹಣ್ಣು.

ಚಿತ್ರಗಳ ಹಿಂದಿನ ಕಥೆಯನ್ನು ನಾವು ಅವನಿಂದ ಕೇಳಿ ತಿಳಿದೆವು. ಡ್ರೆಸ್ಡೆನ್ ನಗರ ಅವನಿರುವ ಊರಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅಲ್ಲಿಯ ಫ್ರೌವೆನ್‌ಕಿರ್ಖೆ ಎಂಬ ದೊಡ್ಡ ಇಗರ್ಜಿ 1945ರ ಫೆಬ್ರವರಿಯ ಬಾಂಬು ದಾಳಿಯಲ್ಲಿ ಕುಸಿದು, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕಲ್ಲಿನ ರಾಶಿಯಾಗಿಯೇ ಉಳಿದಿತ್ತು. ಜನ ಆ ರಾಶಿಯಿಂದಲೇ ಕಲ್ಲುಗಳನ್ನು ಆರಿಸಿ ಮತ್ತೆ ಕಟ್ಟಿ 2005ರಲ್ಲಿ ಮುಗಿಸಿದರು. ಹೊಸ ಬಿಳಿಗಲ್ಲುಗಳ ನಡುವೆ ಹಳೆಯ ಕರಿಗಲ್ಲುಗಳು ಇಂದಿಗೂ ಎದ್ದು ಕಾಣುತ್ತವೆ. ಹುಡುಗ ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದನಂತೆ.

ಮೂರನೆಯ ಪ್ರಯಾಣ ಟ್ಯೂಬಿಂಗೆನ್ನಿಗೆ. ನಾಲ್ಕೈದು ಕಡೆ ರೈಲು ಬದಲಿಸುತ್ತ ಇಡೀ ಹಗಲು ಕಳೆದು ಆ ಊರು ಸೇರಿದ್ದನು. ಏಕೆಂದು ಕೇಳಿದಾಗ ಅವನು ಹೇಳಿದ ಉತ್ತರ ನಮಗೆ ಅನಿರೀಕ್ಷಿತವಾಗಿತ್ತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ನಿಂತಿರುವ ಕಿಟ್ಟೆಲ್ ಪ್ರತಿಮೆಯನ್ನು ಅವನು ಬಾಲ್ಯದಲ್ಲಿ ತಂದೆಯ ಕೈಹಿಡಿದು ನೋಡಿದ್ದನು. 1853ರಲ್ಲಿ ಕರ್ನಾಟಕಕ್ಕೆ ಬಂದು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟ್ಟೆಲ್ಲರು 1903ರಲ್ಲಿ ತೀರಿಕೊಂಡದ್ದು ಆ ಟ್ಯೂಬಿಂಗೆನ್ನಿನಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ಓದಿದ್ದೂ ಅಲ್ಲಿಯೇ. ಬಸವಪುರಾಣವನ್ನು ತಮ್ಮ ಗ್ರಂಥಮಾಲೆಯಲ್ಲಿ ಅಚ್ಚು ಹಾಕಿಸಿದವರೂ ಅವರೇ. ಕನ್ನಡದ ಕೆಲಸಕ್ಕಾಗಿ ಆ ವಿಶ್ವವಿದ್ಯಾಲಯವು ಅವರಿಗೆ 1858ರಲ್ಲಿ ಗೌರವ ಡಾಕ್ಟರೇಟ್ ನೀಡಿತು. "ಅವರು ನಮ್ಮ ಭಾಷಾ ಕಲಿಯಾಕ ಆಯುಷ್ಯ ಸವೆಸ್ಯಾರ. ನಾ ಒಂದ್ ಪರೀಕ್ಷಾ ಹೋತಂತ ಮುಖ ಮುಚ್ಚಿಕೊಂಡು ಕುಂತೀನಲ್ಲಾ ಅಂತ ನಾಚಿಕಿ ಆತ್ರಿ" ಎಂದನು. ಅಲ್ಲಿಂದ ಮರಳಿ ಬಂದ ವಾರವೇ ಗೋದಾಮಿನ ಕೆಲಸ ಬಿಟ್ಟು, ಮರುಪರೀಕ್ಷೆಗೆ ಹೆಸರು ನೋಂದಾಯಿಸಿದ್ದನು. ಮನೆಗೆ ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ತಂದೆಯ ಮನಸ್ಸಿನಲ್ಲಿ ಇನ್ನೊಂದು ಮುಳ್ಳಿತ್ತು. "ಪ್ರಾಗ್‌ಗೆ ಹೋಗಾಕ ಆಗತೈತಿ, ಲಂಡನ್ನಿನ್ಯಾಗ ಬಸವಣ್ಣನ ಮೂರ್ತಿ ನೋಡಿ ಬಾ ಅಂದ್ರ ಆಗೂದಿಲ್ಲ" ಎಂದರು. ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ, ಲ್ಯಾಂಬೆತ್‌ನ ಮಾಜಿ ಮೇಯರ್ ಕಲಬುರಗಿಯ ಡಾ. ನೀರಜ್ ಪಾಟೀಲರ ಪರಿಶ್ರಮದಿಂದ ನಿಂತ ಆ ಪ್ರತಿಮೆಯನ್ನು ಮಗ ಕಾಣಲಿ ಎಂಬ ಆಸೆ ಸಹಜವೇ. ಆದರೆ ಜರ್ಮನಿಯ ವಾಸದ ಪರವಾನಗಿ ಇದ್ದವನು ಷೆಂಗೆನ್ ಒಪ್ಪಂದದ 29 ದೇಶಗಳೊಳಗೆ ಬೇರೆ ವೀಸಾ ಇಲ್ಲದೆ ಅಲ್ಪಕಾಲ ಸಂಚರಿಸಬಹುದು. ಬ್ರಿಟನ್ ಆ ಒಪ್ಪಂದಕ್ಕೆ ಎಂದೂ ಸೇರಿರಲಿಲ್ಲ. ಅಲ್ಲಿಗೆ ಹೋಗಲು ಪ್ರತ್ಯೇಕ ವೀಸಾ, ಪ್ರತ್ಯೇಕ ಶುಲ್ಕ ಬೇಕು. ಆ ಲೆಕ್ಕವೂ ನೋಟುಪುಸ್ತಕದಲ್ಲಿತ್ತು: ಲಂಡನ್, ಬಸವಣ್ಣ, ಮುಂದೆ ನೌಕರಿ ಸಿಕ್ಕ ಮೇಲೆ, ಅಪ್ಪ ಅವ್ವನ ಜೊತೆ. ಈ ಸಾಲನ್ನು ಓದಿ ಆ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು.

ಕತೆ ಇಲ್ಲಿಗೆ ಮುಗಿಯಲಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದ ತಾಯಿ, "ಅವನೊಬ್ಬನೇ ಮುಚ್ಚಿಟ್ಟಾನೇನು? ನೀವೂ ಹೇಳ್ರಿ" ಎಂದರು. ಆ ವರ್ಷದ ಜೂನ್ ತಿಂಗಳಿನಲ್ಲಿ ಯಜಮಾನರಿಗೆ ಎದೆನೋವು ಬಂದು, ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಲಾಗಿತ್ತು. ಮಗನ ಪರೀಕ್ಷೆ ಕೆಡಬಾರದೆಂದು ಆರು ದಿನ ಫೋನಿನಲ್ಲಿ ಧ್ವನಿ ಮಾತ್ರ ಕೇಳಿಸಿ, ಮುಖ ತೋರಿಸದೆ ಕಳೆದಿದ್ದರು. ಮಗನಿಗೆ ಆ ಕ್ಷಣದವರೆಗೂ ಇದು ತಿಳಿದಿರಲಿಲ್ಲ. ಪರದೆಯ ಆ ಬದಿಯಲ್ಲಿ ಅವನು ಬಿಕ್ಕಿದನು. ಈ ಬದಿಯಲ್ಲಿ ತಂದೆ, "ಅಳಬ್ಯಾಡೋ, ಈಗ ಆರಾಮ ಅದೀನಿ" ಎಂದರು. ಎಂಟು ದಿನಗಳ ಮೌನ ಹಾಗೆ ಮುರಿಯಿತು.

ಬಂಧುಗಳೇ, ಹೊರನಾಡಿನ ಓದು ನಮ್ಮ ಸಮಾಜಕ್ಕೆ ಹೊಸದೇನಲ್ಲ. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಜನಿಸಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಎನಿಸಿದರು; ಮುಂದೆ 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಬೆಳೆಸಿದರು. ಎಸ್.ಸಿ. ನಂದಿಮಠರು ಲಂಡನ್ನಿನಲ್ಲಿ ವೀರಶೈವವನ್ನೇ ಕುರಿತು ಸಂಶೋಧನೆ ಮಾಡಿದರು. ಅವರ ಇಂಗ್ಲಿಷ್ ಕೈಪಿಡಿ 1942ರಲ್ಲಿ ಪ್ರಕಟವಾಯಿತು. ಸವಣೂರಿನ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡ್‌ಗೆ ಹೋದಾಗಿನ ಕಡಲಯಾನ ಕನ್ನಡಕ್ಕೆ 'ಸಮುದ್ರಗೀತೆಗಳು' ಸಂಕಲನವನ್ನು ಕೊಟ್ಟಿತು. ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳ ಓದಿಗೆ ಬಿಟ್ಟು 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ಲಿಂಗರಾಜ ದೇಸಾಯಿಯವರನ್ನೂ ಇಲ್ಲಿ ನೆನೆಯಬೇಕು. ಆ ಕಾಲದಲ್ಲಿ ಹಡಗಿನಲ್ಲಿ ಹೋದವರ ಸುದ್ದಿ ಮನೆಗೆ ಮುಟ್ಟಲು ವಾರಗಟ್ಟಲೆ ಹಿಡಿಯುತ್ತಿತ್ತು. ಆದರೆ ಮುಟ್ಟಿದಾಗ ಬರುತ್ತಿದ್ದುದು ಪತ್ರ. ಕಾಗದದ ಮೇಲೆ ನಾಲ್ಕು ಪುಟ ಬರೆಯಲು ಕುಳಿತವನಿಗೆ ನಗುಮುಖವೊಂದನ್ನೇ ತೋರಿಸಿ ತಪ್ಪಿಸಿಕೊಳ್ಳಲಾಗುವುದಿಲ್ಲ. ಚಳಿ, ಹಸಿವು, ಸಾಲ, ಸೋಲು ಎಲ್ಲವೂ ಹೇಗೋ ಬಂದುಬಿಡುತ್ತವೆ. ಇಂದು ಕ್ಷಣಾರ್ಧದಲ್ಲಿ ಮುಟ್ಟುವ ಚಿತ್ರ ಸಂತೋಷವನ್ನಷ್ಟೇ ಹೊತ್ತು ತರುತ್ತದೆ. ಅದನ್ನು ನೋಡಿ ನಾವು ಒಮ್ಮೆ ಹಿಗ್ಗುತ್ತೇವೆ, ಇನ್ನೊಮ್ಮೆ ಸಿಡುಕುತ್ತೇವೆ. ಎರಡೂ ಸಲ ಪೂರ್ತಿ ತಿಳಿಯದೆಯೇ.

ಮಕ್ಕಳನ್ನು ಹೊರಗೆ ಕಳುಹಿಸಿರುವ, ಕಳುಹಿಸಲಿರುವ ಮನೆಗಳಿಗೆ ನಮ್ಮ ವಿನಂತಿ ಇಷ್ಟು. ಮಗು ವಿಮಾನ ಹತ್ತುವ ಮೊದಲು ಆ ದೇಶದ ಅಂಕಗಳ ಕ್ರಮವನ್ನೂ ಮರುಪರೀಕ್ಷೆಯ ನಿಯಮವನ್ನೂ ತಾಯಿತಂದೆಯರು ಕುಳಿತು ತಿಳಿದುಕೊಳ್ಳಲಿ. ಜರ್ಮನಿಯಲ್ಲಿ 2024ರ ಮಾರ್ಚ್‌ನಿಂದ ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಿದೆ. ಅವಕಾಶವಿದೆಯೆಂದು ಅಷ್ಟನ್ನೂ ದುಡಿಯಬೇಕೆಂದಿಲ್ಲ. ಕಾಯಕ ದೊಡ್ಡದು, ನಿಜ. ಆದರೆ ಓದಲು ಹೋದವನಿಗೆ ಓದೇ ಕಾಯಕ. ಅದನ್ನು ಕೆಡಿಸಿಕೊಂಡು ಗಳಿಸಿದ 2,600 ಯೂರೋ ಮನೆಗೆ ಉಳಿತಾಯವಲ್ಲ. ಮಗ ಮಾಡಿದ ತಪ್ಪು ಇದೇ, ಮತ್ತು ಸೋಲನ್ನು ಮುಚ್ಚಿಟ್ಟದ್ದು. ಊರು ನೋಡಿದ್ದು ತಪ್ಪಲ್ಲ. ರಜೆಯಲ್ಲಿ ಕೈಗೆಟುಕುವಷ್ಟು ಖರ್ಚಿನಲ್ಲಿ ಒಂದೆರಡು ಊರು ನೋಡಿ ಬರಲೆಂದು ನಾವೇ ಹೇಳೋಣ. ಹನ್ನೆರಡು ಚದರ ಮೀಟರಿನ ಕೋಣೆಯಲ್ಲಿ ಒಬ್ಬನೇ ಕುಳಿತವನಿಗೆ ಸೋಲು ಬೆಟ್ಟದಷ್ಟಾಗಿ ಕಾಣುತ್ತದೆ. ಹಾಗೆಯೇ ಮನೆಯ ಕಾಯಿಲೆ ಕಸಾಲೆಗಳನ್ನೂ ಮಕ್ಕಳಿಗೆ ತಿಳಿಸೋಣ. ನಾವು ಮುಚ್ಚಿಟ್ಟುಕೊಂಡು ಅವರು ಬಿಚ್ಚಿ ಹೇಳಲೆಂದು ಬಯಸುವುದು ನ್ಯಾಯವಲ್ಲ.

ಆ ಮನೆಯಲ್ಲಿ ಅಂದು ಒಂದು ಒಪ್ಪಂದವಾಯಿತು. ತಿಂಗಳ ಮೊದಲ ಭಾನುವಾರ ಮಗ ಪತ್ರ ಬರೆಯಬೇಕು. ಕಾಗದದಲ್ಲಾಗಲಿ, ಫೋನಿನಲ್ಲಾಗಲಿ, ಎರಡು ಪುಟಕ್ಕೆ ಕಡಿಮೆಯಿಲ್ಲದೆ. ಅದರಲ್ಲಿ ಲೆಕ್ಕವೂ ಇರಬೇಕು, ನೋಡಿದ್ದೂ ಇರಬೇಕು, ಕೆಟ್ಟದ್ದೂ ಇರಬೇಕು. ತಂದೆ ಅದಕ್ಕೆ ಸಮನಾಗಿ ಉತ್ತರ ಬರೆಯಬೇಕು. 2025ರ ಫೆಬ್ರವರಿಯ ಮರುಪರೀಕ್ಷೆಯಲ್ಲಿ ಹುಡುಗನಿಗೆ 2.7 ಬಂದಿತು. ಈ ಸಲ ಪೇಢೆ ಹಂಚುವ ಮೊದಲು ಯಜಮಾನರು ನಮಗೆ ಫೋನು ಮಾಡಿ, "ಎರಡು ಪಾಯಿಂಟ್ ಏಳು ಅಂದ್ರ ಪಾಸ್ ಹೌದಲ್ಲರಿ?" ಎಂದು ಖಾತ್ರಿ ಮಾಡಿಕೊಂಡರು.

ಮನೆಯ ಪತ್ರಗಳು ಇನ್ನೂ ಬ್ಯಾಂಕಿನಲ್ಲಿಯೇ ಇವೆ. ಸಾಲ ತೀರಲು ವರ್ಷಗಳು ಬೇಕು. ಆದರೆ ಮೊನ್ನೆ ಹೋದಾಗ ಯಜಮಾನರು ತಮ್ಮದೇ ಒಂದು ನೋಟುಪುಸ್ತಕವನ್ನು ನಮಗೆ ತೋರಿಸಿದರು. ಅದರಲ್ಲಿ ಸಾಲದ ಬಾಕಿ, ಔಷಧಿಯ ಖರ್ಚು, ಬೆಳಗ್ಗೆ ನಡೆದ ಹೆಜ್ಜೆಗಳು, ರಕ್ತದೊತ್ತಡ ಎಲ್ಲವನ್ನೂ ಮುದ್ದಾದ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ಮುಂದಿನ ಭಾನುವಾರ ಮಗನಿಗೆ ಹೋಗಬೇಕಾದ ಪತ್ರಕ್ಕೆ ಅದು ಸಿದ್ಧತೆ.

ನಿಮ್ಮ ಮನೆಯ ಮಕ್ಕಳು ಎಲ್ಲಿಯೇ ಓದುತ್ತಿರಲಿ, ಈ ವಾರ ಅವರಿಗೊಂದು ಪತ್ರ ಬರೆಯಿರಿ. ಮೊದಲು ನಿಮ್ಮ ಲೆಕ್ಕವನ್ನು ಹೇಳಿ, ಆಮೇಲೆ ಅವರದನ್ನು ಕೇಳಿ.